ಹುಣ್ಣಿಮೆಯ ಬೆನ್ನಿಗೆ ಬರುವ ಪಾಸ್ಕ

ಹಾವೇರಿ ಸೀಮೆಯ ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ. ಬೇಸಿಗೆ ಕಾಲಿಟ್ಟರೆ ನದಿ ಸೊರಗುತ್ತದೆ, ಬ್ಯಾಡಗಿ ಪೇಟೆಯಲ್ಲಿ ಕೆಂಪು ಮೆಣಸಿನಕಾಯಿಯ ಘಾಟು ತುಂಬಿರುತ್ತದೆ. ಈ ಸೀಮೆಯ ಜನ ವರ್ಷವನ್ನು ಎಣಿಸುವುದು ಹುಣ್ಣಿಮೆಗಳಲ್ಲಿ: ಹೋಳಿ ಹುಣ್ಣಿಮೆ, ದವನದ ಹುಣ್ಣಿಮೆ, ಕಾರಹುಣ್ಣಿಮೆ. ಕ್ರೈಸ್ತರ ಅತಿ ಹಳೆಯ ಹಬ್ಬವೂ ಇದೇ ಚಂದ್ರನ ಲೆಕ್ಕದ್ದು ಎಂಬುದು ಅಕ್ಕಪಕ್ಕದ ಮನೆಯವರಿಗೂ ಅನೇಕ ಸಲ ಗೊತ್ತಿರುವುದಿಲ್ಲ.

ಕ್ರಿಸ್‌ಮಸ್ ಡಿಸೆಂಬರ್ 25ನ್ನು ಬಿಟ್ಟು ಕದಲದು. ಈಸ್ಟರ್, ಅಂದರೆ ಪಾಸ್ಕ, ಹಾಗಲ್ಲ. ಎಲ್ಲ ಕ್ರೈಸ್ತರೂ ಒಂದೇ ಭಾನುವಾರ ಈ ಹಬ್ಬ ಮಾಡಬೇಕೆಂದು 325ರಲ್ಲಿ ನೈಸಿಯಾದಲ್ಲಿ ಕೂಡಿದ ಧರ್ಮಸಭೆ ತೀರ್ಮಾನಿಸಿತು. ಅಲ್ಲಿಂದ ಮುಂದೆ ಗಟ್ಟಿಗೊಂಡ ಲೆಕ್ಕ ಇಷ್ಟು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯನ್ನು ಹಿಡಿ, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಹಬ್ಬ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ ಹೋಳಿ ಹುಣ್ಣಿಮೆಯ ಬೆನ್ನಿಗೋ ದವನದ ಹುಣ್ಣಿಮೆಯ ಬೆನ್ನಿಗೋ ಬರುತ್ತದೆ. 2024ರಲ್ಲಿ ಹೋಳಿ ಮಾರ್ಚ್ 25ಕ್ಕೆ, ಈಸ್ಟರ್ 31ಕ್ಕೆ. 2025ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 12ಕ್ಕೆ, ಈಸ್ಟರ್ 20ಕ್ಕೆ. ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ಪಸ್ಕಹಬ್ಬದ ದಿನಗಳಲ್ಲಿ. ಆ ಹಬ್ಬ ಹುಣ್ಣಿಮೆಯದ್ದು. ಚಂದ್ರನ ನಂಟು ಅಲ್ಲಿಂದ ಬಂತು.

ಈ ಸೀಮೆಗೆ ಹಬ್ಬವನ್ನು ಕನ್ನಡದಲ್ಲಿ ತಂದವರಲ್ಲಿ ಬಾಸೆಲ್ ಮಿಷನ್ನಿನವರು ಮುಖ್ಯರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ತಲುಪಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಧಾರವಾಡ ಸೀಮೆಯ ಊರುಗಳೇ. 1997ರವರೆಗೂ ಅದೇ ಜಿಲ್ಲೆಯಲ್ಲಿದ್ದವು.

ಸತ್ತವನು ಮೂರನೆಯ ದಿನ ಎದ್ದನೆಂಬ ಸುದ್ದಿಯನ್ನು ಯಾವ ಮಾತಿನಲ್ಲಿ ಹೇಳುವುದು? ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಈ ಕೆಲಸಕ್ಕೆ ಮೊದಲೇ ಕೈ ಹಾಕಿದ್ದ. ಇಡೀ ಬೈಬಲ್ಲಿನ ಕನ್ನಡ ಅನುವಾದ 1831ರ ಹೊತ್ತಿಗೆ ಮುಗಿಯಿತು. ಇಂದಿನ ಕನ್ನಡ ಕ್ರೈಸ್ತರ ಬಾಯಲ್ಲಿರುವ ಹಬ್ಬದ ಮಾತುಗಳ ಹಿಂದೆ ನಾಲ್ಕಾರು ನಾಡುಗಳ ಪಯಣವಿದೆ. ‘ಪುನರುತ್ಥಾನ’ ಸಂಸ್ಕೃತದ್ದು. ‘ಶಿಲುಬೆ’ಯ ಬೇರು ಸಿರಿಯಾಕ್ ಭಾಷೆಯಲ್ಲಿದೆ. ‘ಪಾಸ್ಕ’ ಹೀಬ್ರೂ ಮೂಲದ್ದು, ಗ್ರೀಕ್ ಲ್ಯಾಟಿನ್ ದಾಟಿ ಬಂದದ್ದು. ‘ಈಸ್ಟರ್’ ಮಾತ್ರ ಹಳೆಯ ಇಂಗ್ಲಿಷಿನದು. ಅದು ವಸಂತದ ಒಬ್ಬ ದೇವತೆಯ ಹೆಸರೆಂದು ಎಂಟನೆಯ ಶತಮಾನದ ಬೀಡ್ ಎಂಬ ಸನ್ಯಾಸಿ ಬರೆದಿದ್ದಾನೆ. ಹಬ್ಬದ ಮೂಲಕ್ಕೆ ಈಸ್ಟರ್‌ಗಿಂತ ಪಾಸ್ಕವೇ ಹತ್ತಿರದ ಹೆಸರು. ಆ ಮಾತು ಕನ್ನಡದಲ್ಲಿ ಉಳಿದಿರುವುದು ಸಂತೋಷದ ಸಂಗತಿ.

ಮಾತಿನ ಬಳಿಕ ಹಾಡು. ಜರ್ಮನ್ ಮಟ್ಟುಗಳಿಗೆ ಕನ್ನಡ ಪದ ಹೊಂದಿಸಿ ಪುಸ್ತಕಗಳು ಅಚ್ಚಾದವು. 1853ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್‌ಗೆ ಅಷ್ಟು ಸಾಲಲಿಲ್ಲ. ಈ ನೆಲದ ಹಾಡುಗಾರಿಕೆಯ ಧಾಟಿಯಲ್ಲೇ ಯೇಸುವಿನ ಜೀವನವನ್ನು ಹೇಳುವ ‘ಕಥಾಮಾಲೆ’ಯನ್ನು ಆತ 1862ರಲ್ಲಿ ಹೊರತಂದ. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವನೂ ಆತನೇ. ನಿಘಂಟಿನ ಕಿಟೆಲ್‌ನನ್ನು ಎಲ್ಲರೂ ನೆನೆಯುತ್ತಾರೆ, ಕಥಾಮಾಲೆಯ ಕಿಟೆಲ್‌ನನ್ನು ಮರೆತಿದ್ದಾರೆ. ಇದು ಅನ್ಯಾಯ. ಪರದೇಶದ ಕಥೆಯೊಂದು ಇಲ್ಲಿಯ ಕಿವಿಗೆ ಒಗ್ಗಬೇಕಾದರೆ ಇಲ್ಲಿಯ ಲಯದಲ್ಲೇ ಬರಬೇಕೆಂದು ತಿಳಿದವನು ಆತ.

ಹಬ್ಬಕ್ಕೆ ಮುಂಚೆ ನಲವತ್ತು ದಿನದ ವ್ರತ. ಕಥೋಲಿಕರಲ್ಲಿ ಅದು ಬೂದಿ ಬುಧವಾರದಿಂದ ಮೊದಲಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರ ಕೈಯಲ್ಲಿ ಹಿಡಿದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅಂದು ಹಣೆಗೆ ಬರುತ್ತದೆ. ಪವಿತ್ರ ಗುರುವಾರ ಗುರುಗಳು ಮಂಡಿಯೂರಿ ಭಕ್ತರ ಪಾದ ತೊಳೆಯುತ್ತಾರೆ. ಆ ಸಂಜೆಯ ಪೂಜೆಯಲ್ಲಿ ಒಮ್ಮೆ ಮೊಳಗಿದ ಗಂಟೆ ಶನಿವಾರ ರಾತ್ರಿಯವರೆಗೆ ಬಾಯಿ ಬಿಡದು. ನಡುವೆ ಏನಿದ್ದರೂ ಮರದ ಹಲಗೆಯ ಸದ್ದು. ಶುಭ ಶುಕ್ರವಾರ ಶಿಲುಬೆ ಹಾದಿ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಅಂದು ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ, ನಡುಹಗಲಿನಿಂದ ಮೂರು ತಾಸು.

ಶನಿವಾರ ರಾತ್ರಿ ಚರ್ಚಿನ ದೀಪಗಳೆಲ್ಲ ಆರುತ್ತವೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಆಳೆತ್ತರದ ಪಾಸ್ಕ ಮೇಣದಬತ್ತಿಯನ್ನು ಬೆಳಗುತ್ತಾರೆ. ಬತ್ತಿಯ ಮೈಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳು, ಆ ವರ್ಷದ ನಾಲ್ಕು ಅಂಕಿಗಳು. ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು. ಒಂದು ಬತ್ತಿಯಿಂದ ಇನ್ನೊಂದಕ್ಕೆ ಹತ್ತುತ್ತ ಕತ್ತಲೆಯ ಚರ್ಚು ಬೆಳಕಾಗುವ ಗಳಿಗೆಯನ್ನು ಒಮ್ಮೆಯಾದರೂ ನೋಡಬೇಕು. ಈ ಜಾಗರಣೆ ಶತಮಾನಗಳ ಕಾಲ ಶನಿವಾರ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು. ಅದನ್ನು 1951ರಲ್ಲಿ ಮತ್ತೆ ರಾತ್ರಿಗೆ ತಂದವರು ಪೋಪ್ ಹನ್ನೆರಡನೆಯ ಪಯಸ್. ಅದು ಜನರ ಭಾಷೆಗೆ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದಲ್ಲಿ.

ಭಾನುವಾರ ನಸುಕಿನಲ್ಲಿ ಸ್ಮಶಾನಕ್ಕೆ ಹೋಗಿ, ಸಮಾಧಿಗಳ ನಡುವೆ ನಿಂತು ಪ್ರಾರ್ಥಿಸುವ ರೂಢಿ ಹಲವು ಪ್ರೊಟೆಸ್ಟಂಟರಲ್ಲಿದೆ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಸಭೆಯ ಯುವಕರು ಹೀಗೆ ಬೆಳಗು ಕಾದು ಹಾಡಿದರು. ಪದ್ಧತಿ ಅಲ್ಲಿಂದ ಹಬ್ಬಿತು. ಹೆಂಗಸರು ನಸುಕಿನಲ್ಲಿ ಗೋರಿಯ ಬಳಿ ಹೋದಾಗ ಅದು ಬರಿದಾಗಿತ್ತು ಎಂಬ ಸುವಾರ್ತೆಯ ಕಥೆಗೆ ಇದಕ್ಕಿಂತ ಹತ್ತಿರದ ಆಚರಣೆ ಇಲ್ಲ.

ದಕ್ಷಿಣಕ್ಕೆ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ, ಇದೇ ಕಥೆ ರಂಗಕ್ಕೇ ಏರಿದೆ. ಯೇಸುವಿನ ಯಾತನೆ ಮತ್ತು ಮರಣವನ್ನು ಹೇಳುವ ‘ಮಹಿಮೆ’ ನಾಟಕವನ್ನು ಆ ಊರವರು ನೂರು ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿದ್ದಾರೆ. ಬಣ್ಣ ಹಚ್ಚುವವರು ಊರಿನ ಜನವೇ, ಮಾತು ಕನ್ನಡವೇ. ಮೊಟ್ಟೆ, ಕೇಕು, ಮಾರ್ಜಿಪಾನ್ ಬೇಕರಿಗಳಿಗೆ ಬಂದದ್ದು ಈಚೆಗೆ. ಮಹಿಮೆಯಂಥ ಆಟ ಮಾತ್ರ ಕನ್ನಡ ನೆಲದಲ್ಲೇ ಬೆಳೆದದ್ದು.

ಹಳೆಯ ಸಂಗೀತ ಪುಸ್ತಕಗಳು, ಮಂಗಳೂರು ಅಚ್ಚಿನ ಸತ್ಯವೇದಗಳು, ಅಜ್ಜಂದಿರು ಕೈಯಲ್ಲಿ ಬರೆದಿಟ್ಟ ಪಾಸ್ಕದ ಪದಗಳು ಈ ಸೀಮೆಯ ಮನೆಗಳ ಟ್ರಂಕುಗಳಲ್ಲಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ. ಅಲ್ಲಿಗೆ ಒಂದು ಪ್ರತಿಯನ್ನಾದರೂ ತಲುಪಿಸಿ. ಮನೆಯಲ್ಲಿ ಆ ಹಾಡುಗಳ ಮಟ್ಟು ಬಲ್ಲ ಹಿರಿಯರಿದ್ದರೆ ಮುಂದಿನ ಹೋಳಿ ಹುಣ್ಣಿಮೆಯೊಳಗೆ ಅವರನ್ನು ಕೂರಿಸಿ ಹಾಡಿಸಿ, ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ.