ಗೂಡಿನೊಳಗಿನ ತತ್ತಿ

2024ರ ಮೇ 7. ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಮತದಾನ. ಬಿಸಿಲೇರುವ ಮೊದಲೇ ವೋಟು ಹಾಕಿ ಬಂದುಬಿಡೋಣವೆಂದು ಹೊರಟವನು ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ನಿಂತೆ. ಬೆಂಚಿನ ಮೇಲೆ ನಾಲ್ಕು ಹುಡುಗರು ಒಂದೇ ಮೊಬೈಲಿಗೆ ತಲೆ ಬಗ್ಗಿಸಿ ಕುಳಿತಿದ್ದರು. ನನ್ನನ್ನು ಕಂಡದ್ದೇ ಒಬ್ಬ ಅದನ್ನು ಅಂಗಿಯ ಕಿಸೆಗೆ ಇಳಿಸಿದ. "ಏನಿಲ್ರಿ ಅಣ್ಣಾರ, ಯಾರೋ ಕಳಿಸಿದ್ರು, ಹಂಗ ನೋಡಾಕತ್ತಿದ್ವಿ" ಎಂದ. ಸರಿದು ಜಾಗ ಕೊಟ್ಟ. ನನ್ನ ಚಹಾದ ದುಡ್ಡನ್ನೂ ಅವನೇ ಕೊಟ್ಟ.

ಅವರು ನೋಡುತ್ತಿದ್ದುದನ್ನು ನಾನು ಆಗಲೇ ನೋಡಿದ್ದೆ. ರಾಜ್ಯ ಬಿಜೆಪಿ ಮೇ 4ರಂದು ತನ್ನ ಎಕ್ಸ್ ಖಾತೆಯಲ್ಲಿ ಹಾಕಿದ್ದ ಕಾರ್ಟೂನು ಚಿತ್ರ. ಒಂದು ಗೂಡು. ಅದರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂಬ ತತ್ತಿಗಳು. ರಾಹುಲ್ ಗಾಂಧಿ ಮತ್ತು ಸಿದ್ದರಾಮಯ್ಯನವರನ್ನು ಹೋಲುವ ಪಾತ್ರಗಳು ಅದರೊಳಗೆ 'ಮುಸ್ಲಿಂ' ಎಂಬ ತತ್ತಿಯನ್ನು ತಂದಿಡುತ್ತವೆ. ಮರಿಯಾದ ಮೇಲೆ ಅನುದಾನವನ್ನೆಲ್ಲ ಅದರ ಬಾಯಿಗೇ ತುರುಕಲಾಗುತ್ತದೆ. ಕೊನೆಗೆ ಅದು ಉಳಿದ ಮರಿಗಳನ್ನು ಗೂಡಿನಿಂದ ಹೊರದಬ್ಬುತ್ತದೆ.

ಬಹಿರಂಗ ಪ್ರಚಾರ ಮೇ 5ರ ಸಂಜೆಗೇ ಮುಗಿದಿತ್ತು. ಮೈಕುಗಳು ನಿಂತಿದ್ದವು, ಮೊಬೈಲು ನಿಂತಿರಲಿಲ್ಲ. ಚಿತ್ರವನ್ನು ತೆಗೆಯುವಂತೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳು ಸೈಬರ್ ಪೊಲೀಸರ ಮೂಲಕ ಮೇ 5ರಂದೇ ಎಕ್ಸ್ ಸಂಸ್ಥೆಗೆ ಸೂಚಿಸಿದ್ದರು. ಆದರೂ ಅದು ಅಲ್ಲೇ ಇತ್ತು. ಕೂಡಲೇ ತೆಗೆಯಿರಿ ಎಂದು ಕೇಂದ್ರ ಚುನಾವಣಾ ಆಯೋಗ ಎಕ್ಸ್ ಸಂಸ್ಥೆಗೆ ಪತ್ರ ಬರೆದದ್ದು ಮೇ 7ರಂದು. ಅಂದರೆ ನಮ್ಮ ಬೆರಳಿಗೆ ಶಾಯಿ ಬೀಳುತ್ತಿದ್ದ ದಿನ.

ಎದುರಾಳಿಯನ್ನು ಹಳಿದು ವೋಟು ಕೇಳುವುದು ನಮ್ಮಲ್ಲಿ ಹೊಸತಲ್ಲ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಸ್ಪರ್ಧಿಸಿದಾಗ ಅವರನ್ನು ಹೆಣ್ಣು ಹುಲಿ-ಸಿಂಹಗಳ ಸಾಲಿಗೆ ಸೇರಿಸಿ, ಎದುರಾಳಿಗಳನ್ನೆಲ್ಲ ಮಂಗಗಳೆಂದ ಘೋಷಣೆ ಇಡೀ ದೇಶಕ್ಕೆ ಹಬ್ಬಿತು. ಸುಣ್ಣ ಬಳಿದ ಗೋಡೆಯ ಮೇಲಿನ ಇಂಥ ಬೈಗುಳ ಫಲಿತಾಂಶ ಬಂದ ಮೇಲೆ ಮಳೆಗೆ ತೊಳೆದುಹೋಗುತ್ತಿತ್ತು. ಬೈಸಿಕೊಂಡವನಿಗೂ ಒಂದು ವೇದಿಕೆ, ಒಂದು ಮೈಕು ಇರುತ್ತಿತ್ತು. ಅವನೂ ತಿರುಗಿ ಬೈಯಬಹುದಿತ್ತು.

ಈ ಲೆಕ್ಕ ತಪ್ಪಿದ್ದು 1984ರಲ್ಲಿ ಎಂದು ನನಗನ್ನಿಸುತ್ತದೆ. ಇಂದಿರಾ ಹತ್ಯೆಯ ನಂತರದ ಆ ಚುನಾವಣೆಗೆ ಕಾಂಗ್ರೆಸ್ ಪಕ್ಷ ರೀಡಿಫ್ಯೂಷನ್ ಎಂಬ ಜಾಹೀರಾತು ಸಂಸ್ಥೆಯಿಂದ ಪತ್ರಿಕಾ ಜಾಹೀರಾತುಗಳನ್ನು ಮಾಡಿಸಿತು. ದೇಶದ ಗಡಿ ನಿಮ್ಮ ಮನೆಯ ಹೊಸ್ತಿಲಿಗೇ ಬಂದೀತೇ ಎಂದು ಒಂದು ಕೇಳಿತು. ಬೇರೆ ರಾಜ್ಯದವನು ಓಡಿಸುವ ಟ್ಯಾಕ್ಸಿಯಲ್ಲಿ ಕೂರಲು ನಿಮಗೇಕೆ ಅಳುಕು ಎಂದು ಇನ್ನೊಂದು ಕೇಳಿತು. ಸಿಖ್ಖರ ಹೆಸರು ಎಲ್ಲೂ ಇರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಅಲ್ಲಿ ಗುರಿಯಾದದ್ದು ಅಭ್ಯರ್ಥಿಯಲ್ಲ, ಟ್ಯಾಕ್ಸಿ ಓಡಿಸುವವನು. ಇಂದು ತತ್ತಿಯ ಚಿತ್ರಕ್ಕೆ ಸಿಟ್ಟಾಗುವವರು ಈ ಹಳೆಯ ಪುಟವನ್ನೂ ತಿರುವಿ ನೋಡಬೇಕು.

ಜಾಹೀರಾತಿನಿಂದ ಮತದಾರ ಬದಲಾಗುತ್ತಾನೆಯೇ? 1995ರಲ್ಲಿ ಸ್ಟೀಫನ್ ಆನ್ಸೊಲಬೆಹೇರ್ ಮತ್ತು ಶಾಂತೊ ಅಯ್ಯಂಗಾರ್ ಎಂಬ ಅಮೆರಿಕದ ವಿದ್ವಾಂಸರು ಪ್ರಯೋಗಗಳನ್ನು ನಡೆಸಿ, ಹಳಿಯುವ ಪ್ರಚಾರ ಮತದಾರನಿಗೆ ಬೇಸರ ತಂದು ಮನೆಯಲ್ಲೇ ಕೂರಿಸುತ್ತದೆ ಎಂದು ಬರೆದರು. 2007ರಲ್ಲಿ ರಿಚರ್ಡ್ ಲಾ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿ, ಅದರಿಂದ ವೋಟು ಹೆಚ್ಚುತ್ತದೆ ಎನ್ನಲೂ ಮತದಾನ ಕುಗ್ಗುತ್ತದೆ ಎನ್ನಲೂ ಗಟ್ಟಿ ಆಧಾರವಿಲ್ಲ ಎಂದರು.

ನಮ್ಮ ತಾಲೂಕುಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. 2022ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ಸಿನವರು ಬಸವರಾಜ ಬೊಮ್ಮಾಯಿಯವರ ಮುಖವಿದ್ದ 'ಪೇಸಿಎಂ' ಪೋಸ್ಟರುಗಳನ್ನು ಬೆಂಗಳೂರಿನ ಗೋಡೆಗಳಿಗೆ ಅಂಟಿಸಿದರು. 2023ರ ಮೇ ಮೊದಲ ವಾರ ಪತ್ರಿಕೆಗಳಲ್ಲಿ ಭ್ರಷ್ಟಾಚಾರದ 'ರೇಟ್ ಕಾರ್ಡ್' ಬಂತು. ಆಯೋಗ ಪುರಾವೆ ಕೇಳಿತು, ಬಿಜೆಪಿ ಮಾನನಷ್ಟ ಮೊಕದ್ದಮೆ ಹೂಡಿತು. ಇತ್ತ ಬಜರಂಗ ದಳದ ಕುರಿತ ಕಾಂಗ್ರೆಸ್ ಪ್ರಣಾಳಿಕೆಯ ಮಾತನ್ನು ಬಿಜೆಪಿ ಹನುಮಂತನಿಗೇ ಆದ ಅವಮಾನವೆಂದು ಸಾರಿತು. ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿ ಇರುವುದು ಗಂಗಾವತಿಯ ಮಗ್ಗುಲಲ್ಲೇ.

ಎರಡೂ ಬಗೆಯ ಪ್ರಚಾರ ನಾಲ್ಕೂ ಕಡೆ ತಲುಪಿತು. ಫಲಿತಾಂಶ? ಕೊಪ್ಪಳದಲ್ಲಿ ರಾಘವೇಂದ್ರ ಹಿಟ್ನಾಳ, ಯಲಬುರ್ಗಾದಲ್ಲಿ ಬಸವರಾಜ ರಾಯರೆಡ್ಡಿ, ಇಬ್ಬರೂ ಕಾಂಗ್ರೆಸ್. ಕುಷ್ಟಗಿಯಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲ. ಗಂಗಾವತಿಯಲ್ಲಿ ಆಗಷ್ಟೇ ಹುಟ್ಟಿದ್ದ ಪಕ್ಷದಿಂದ ಜನಾರ್ದನ ರೆಡ್ಡಿ, ಕಾಂಗ್ರೆಸ್ಸಿನ ಇಕ್ಬಾಲ್ ಅನ್ಸಾರಿಯವರ ಎದುರು ಸುಮಾರು 8 ಸಾವಿರ ಮತಗಳ ಗೆಲುವು. ಭ್ರಷ್ಟಾಚಾರವೇ ದೊಡ್ಡ ಮಾತಾಗಿದ್ದ ಚುನಾವಣೆಯಲ್ಲಿ, ಗಣಿ ಪ್ರಕರಣಗಳಲ್ಲಿ ಜೈಲು ಕಂಡು ಜಾಮೀನಿನ ಮೇಲಿದ್ದವರು ಗೆದ್ದರು! ಮನೆಯಲ್ಲೂ ಯಾರೂ ಕೂರಲಿಲ್ಲ. ರಾಜ್ಯದ ಮತದಾನ ಶೇ. 73 ದಾಟಿತು. ದುಡಿಯಲು ದೂರ ಹೋದವರು ವೋಟಿಗೆಂದೇ ಊರಿಗೆ ಬರುವ ಸೀಮೆ ನಮ್ಮದು.

ಆದರೆ ರೇಟ್ ಕಾರ್ಡನ್ನೂ ತತ್ತಿಯನ್ನೂ ಒಂದೇ ತಕ್ಕಡಿಯಲ್ಲಿಡಲು ನನ್ನ ಮನಸ್ಸು ಒಪ್ಪದು. ಮೊದಲನೆಯದು ಅಧಿಕಾರದಲ್ಲಿದ್ದವರ ಮೇಲಿನ ಆರೋಪ. ಅವರು ಕೋರ್ಟಿಗೆ ಹೋಗಬಹುದು, ಹೋದರು. ಅಭ್ಯರ್ಥಿಯ ಚಾರಿತ್ರ್ಯದ ಬಗ್ಗೆ ಸುಳ್ಳು ಹೇಳಿದರೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಇದೆ. ಧರ್ಮದ ಹೆಸರಲ್ಲಿ ದ್ವೇಷ ಹಬ್ಬಿಸುವುದೂ ಅದೇ ಸೆಕ್ಷನ್ನಿನಲ್ಲಿ ಭ್ರಷ್ಟ ಆಚರಣೆಯೇ. ಆದರೆ ಅದನ್ನು ಮಾಡಿದವನು ಅಭ್ಯರ್ಥಿ, ಇಲ್ಲವೆ ಅವನ ಏಜೆಂಟು, ಇಲ್ಲವೆ ಅವರ ಒಪ್ಪಿಗೆ ಪಡೆದವನಾಗಿರಬೇಕು. ಬೆಂಗಳೂರಿನಲ್ಲಿ ಕುಳಿತ ಪಕ್ಷದ ಖಾತೆಯೊಂದು ಚಿತ್ರ ಹಾಕಿದರೆ ಕುಷ್ಟಗಿಯ ಹಳ್ಳಿಯ ಪಿಂಜಾರ ಯಾರ ಒಪ್ಪಿಗೆಯನ್ನು ಸಾಬೀತು ಮಾಡಬೇಕು? ಅವನು ಅಭ್ಯರ್ಥಿಯಲ್ಲ, ಬರೀ ತತ್ತಿ.

ಚಿತ್ರದ ಲೆಕ್ಕವೂ ಸುಳ್ಳು. ಕರ್ನಾಟಕದಲ್ಲಿ ಮುಸ್ಲಿಮರ ಮೀಸಲಾತಿ ಹಿಂದುಳಿದ ವರ್ಗಗಳ ಪಟ್ಟಿಯ 2ಬಿ ಗುಂಪಿನಲ್ಲಿರುವ ಶೇ. 4. ಪರಿಶಿಷ್ಟರ ಪಾಲು ಬೇರೆಯೇ ಇದೆ, ಅದರಿಂದ ಕಿತ್ತದ್ದಲ್ಲ. ಮೈಸೂರು ಸಂಸ್ಥಾನ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಮುಸ್ಲಿಮರನ್ನು ಹಿಂದುಳಿದವರಲ್ಲಿ ಎಣಿಸಿತ್ತು. ನಮ್ಮದು ಆಗ ನಿಜಾಮರ ಸೀಮೆ, ಆ ಮಾತು ನಮ್ಮವರ ಕಿವಿಗೆ ಬಿದ್ದಿರಲಾರದು. 1975ರ ಹಾವನೂರು ವರದಿಯಲ್ಲೂ ಮುಸ್ಲಿಮರಿದ್ದರು. 1995ರಲ್ಲಿ ದೇವೇಗೌಡರ ಸರ್ಕಾರ 2ಬಿ ಜಾರಿಗೆ ತಂದಿತು. 2023ರ ಮಾರ್ಚ್ 27ರಂದು ಬೊಮ್ಮಾಯಿ ಸರ್ಕಾರ ಅದನ್ನು ರದ್ದುಪಡಿಸಿ ಲಿಂಗಾಯತ, ಒಕ್ಕಲಿಗರಿಗೆ ತಲಾ ಶೇ. 2ರಂತೆ ಹಂಚಿತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಆ ಆದೇಶ ಜಾರಿಯಾಗದೆ ನಿಂತಿತು. ಹಾಗಾದರೆ ಗೂಡಿನಿಂದ ಹೊರದಬ್ಬಿಸಿಕೊಂಡ ಮರಿ ಯಾವುದು? ಕತೆ ಬರೆಯುವವನಾಗಿ ಹೇಳುತ್ತೇನೆ, ಚಿತ್ರ ಮಾಡಿದವನಿಗೆ ಕಸುಬು ಗೊತ್ತಿತ್ತು. ಕಾಗೆಯ ಗೂಡಿನಲ್ಲಿ ಕೋಗಿಲೆ ಬೆಳೆಯುವ ಮಾತು ಕನ್ನಡದ ಪ್ರತಿ ಮನೆಗೂ ಗೊತ್ತು. ನಾವು ಆ ಕೋಗಿಲೆಯನ್ನು ಮೆಚ್ಚುತ್ತಲೇ ಬಂದವರು. ಅವನು ಮೆಚ್ಚುಗೆಯನ್ನಷ್ಟೇ ಕಳೆದ.

ಕೊಪ್ಪಳದಲ್ಲಿ ಮತದಾನ ಶೇ. 70 ದಾಟಿತು. ಕಾಂಗ್ರೆಸ್ಸಿನ ರಾಜಶೇಖರ ಹಿಟ್ನಾಳ ಸುಮಾರು 46 ಸಾವಿರ ಮತಗಳಿಂದ ಗೆದ್ದರು. ಕಲ್ಯಾಣ ಕರ್ನಾಟಕದ ಐದೂ ಕ್ಷೇತ್ರ ಕಾಂಗ್ರೆಸ್ಸಿಗೇ ಹೋದವು. ಅದೇ ದಿನ ಮತ ಹಾಕಿದ ಪಕ್ಕದ ಬಾಗಲಕೋಟೆ, ಹಾವೇರಿ ಬಿಜೆಪಿಗೆ ಹೋದವು. ಚಿತ್ರ ಗೆದ್ದಿತೋ ಸೋತಿತೋ ಎಂಬುದು ಈ ಅಂಕಿಗಳಲ್ಲಿ ಸಿಗುವುದಿಲ್ಲ.

ಆ ಹುಡುಗ ಯಾವ ಗುಂಡಿ ಒತ್ತಿದನೆಂದು ನಾನು ಕೇಳಿಲ್ಲ. ಅದೇ ಅಂಗಡಿಯಲ್ಲಿ ಈಗಲೂ ಸಿಗುತ್ತಾನೆ, "ಬರ್ರಿ ಅಣ್ಣಾರ" ಎಂದು ಜಾಗ ಕೊಡುತ್ತಾನೆ. ಮೊಬೈಲಿನಲ್ಲಿ ಏನಾದರೂ ನೋಡುತ್ತಿರುತ್ತಾನೆ, ಕ್ರಿಕೆಟ್ಟೇ ಇರಬಹುದು. ನನ್ನ ಕಣ್ಣು ಮಾತ್ರ ಮೊದಲು ಅವನ ಕಿಸೆಯ ಕಡೆಗೆ ಹೋಗುತ್ತದೆ.