ಮರಗಟ್ಟಿದ ಪಾದವೂ ಮೆತ್ತನೆಯ ಅಟ್ಟೆಯೂ: ಬೆಳಗಾವಿ–ಖಾನಾಪುರ ಸೀಮೆಯ ಹಿನ್ನೆಲೆಯಲ್ಲಿ ಒಂದು ಐತಿಹಾಸಿಕ ವಿವೇಚನೆ

೧

ರಾಜವಂಶಗಳ ಏಳುಬೀಳುಗಳನ್ನೂ ಶಾಸನಗಳ ಪಾಠಾಂತರಗಳನ್ನೂ ಕುರಿತು ನಮ್ಮಲ್ಲಿ ಸಾಕಷ್ಟು ವಿಚಾರ ನಡೆದಿದೆ. ಜನಸಾಮಾನ್ಯನು ಕಾಲಿಗೆ ಏನನ್ನು ಮೆಟ್ಟಿ ನಡೆದನು, ನಡೆಯಲಾರದಂತಾದಾಗ ಅವನಿಗೆ ಯಾರು ಏನನ್ನು ಮಾಡಿಕೊಟ್ಟರು ಎಂಬ ವಿಷಯವು ಮಾತ್ರ ಇತಿಹಾಸದ ಅಂಚಿನಲ್ಲಿಯೇ ಉಳಿದಿದೆ. ಮಧುಮೇಹದಿಂದಾಗಲಿ ಕುಷ್ಠರೋಗದಿಂದಾಗಲಿ ಸ್ಪರ್ಶಜ್ಞಾನವನ್ನು ಕಳೆದುಕೊಂಡ ಪಾದಕ್ಕೆಂದು ಪಾದರಕ್ಷೆಯೊಳಗೆ ಹಾಸುವ ಮೆತ್ತನೆಯ ಒಳಅಟ್ಟೆಯನ್ನು ಪೇಟೆಯಲ್ಲಿ ‘ಇನ್‌ಸೋಲ್’ ಎನ್ನುತ್ತಾರೆ. ಈ ಅಲ್ಪವಸ್ತುವಿನ ಹಿಂದಿರುವ ಜ್ಞಾನವು ಎಲ್ಲಿ ರೂಪುಗೊಂಡಿತು, ಯಾರ ನೋವಿಲ್ಲದ ಗಾಯಗಳಿಂದ ಅದು ದೊರೆಯಿತು, ಆ ಋಣವು ಮರೆಯಾದುದು ಹೇಗೆ ಎಂಬುದನ್ನು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಈ ಸೀಮೆಯ ನೆಲವನ್ನೂ ಮೆಟ್ಟನ್ನೂ ಪರಿಶೀಲಿಸಬೇಕು. ಬೆಳಗಾವಿ ಜಿಲ್ಲೆಯ ಪೂರ್ವಭಾಗವು ಕರಿಮಣ್ಣಿನ ಬಯಲು. ಖಾನಾಪುರವಾದರೋ ಸಹ್ಯಾದ್ರಿಯ ಮಡಿಲು. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯು ಈ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿಯ ಒಕ್ಕಲಿಗನು ಮಳೆಗಾಲದ ತಿಂಗಳುಗಳನ್ನು ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಿನಿಂದಲೇ ಕಳೆಯುತ್ತಾನೆ. ಬೇಸಗೆಯಲ್ಲಿ ಜಂಬಿಟ್ಟಿಗೆಯ ಒರಟು ನೆಲದ ಮೇಲೆ ನಡೆಯುತ್ತಾನೆ.

ಜಿಲ್ಲೆಯ ಹೆಸರಾಂತ ಪಾದರಕ್ಷೆ ಎಂದರೆ ಅಥಣಿ, ನಿಪ್ಪಾಣಿ ಮೊದಲಾದ ಕಡೆಗಳಲ್ಲಿ ಸಿದ್ಧವಾಗುವ ಕೊಲ್ಹಾಪುರಿ ಚಪ್ಪಲಿ. ೨೦೧೯ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದಗೊಳಿಸಿದ ದಪ್ಪ ತೊಗಲನ್ನು ಮೊಳೆಯ ನೆರವಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವುದು ಇದರ ವೈಶಿಷ್ಟ್ಯ.

ಹೊಸ ಚಪ್ಪಲಿಯು ‘ಕಚ್ಚುತ್ತದೆ’ ಎಂದು ನಮ್ಮಲ್ಲಿ ಹೇಳುವುದುಂಟು. ಕಚ್ಚಿದಾಗ ಮೆಟ್ಟಿದವನು ಅದನ್ನು ಕಳಚುತ್ತಾನೆ, ಎಣ್ಣೆ ಹಚ್ಚುತ್ತಾನೆ, ಮರುದಿನ ಸ್ವಲ್ಪ ಹೊತ್ತು ಮಾತ್ರ ಮೆಟ್ಟುತ್ತಾನೆ. ಕೆಲವು ದಿನಗಳಲ್ಲಿ ತೊಗಲು ಪಾದಕ್ಕೆ ಒಗ್ಗುತ್ತದೆ. ಈ ಒಗ್ಗುವಿಕೆಯ ಮಧ್ಯಸ್ಥನು ನೋವು. ಹೆಬ್ಬೆರಳನ್ನು ಬಳಸುವ ಉಂಗುಟವೂ ಅರಿವುಳ್ಳ ಬೆರಳುಗಳನ್ನೇ ನಂಬಿದೆ. ಕಚ್ಚಿದ್ದು ತಿಳಿಯದ ಪಾದಕ್ಕೆ ಇದೇ ಚಪ್ಪಲಿಯು ಶತ್ರುವಾಗಿ ಪರಿಣಮಿಸುತ್ತದೆ. ಕುಶಲಿಗನ ಕೈಗೆ ಇದರಿಂದ ಕೊರತೆಯೇನೂ ಬಾರದು. ಆದರೆ ಜೋಮು ಹಿಡಿದ ಪಾದಕ್ಕೆ ಬೇರೆಯ ತತ್ತ್ವದ ಪಾದರಕ್ಷೆಯೇ ಬೇಕಾಗುತ್ತದೆ.

೩

ಆ ತತ್ತ್ವವು ಮೊದಲು ಸ್ಪಷ್ಟವಾದುದು ಕುಷ್ಠರೋಗಿಗಳ ನಡುವೆ. ೧೮೭೩ರಲ್ಲಿ ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯನು ಈ ರೋಗದ ಸೂಕ್ಷ್ಮಜೀವಿಯನ್ನು ಗುರುತಿಸಿದನು. ಆದರೂ ರೋಗಿಯ ಮಾಂಸವು ತಾನಾಗಿಯೇ ಕೊಳೆತು ಬೀಳುತ್ತದೆ ಎಂಬ ನಂಬಿಕೆಯು ಬಹುಕಾಲ ಅಳಿಯಲಿಲ್ಲ. ಈ ನಂಬಿಕೆಗೆ ಪೆಟ್ಟು ಕೊಟ್ಟುದು ಒಂದು ಸರಳ ಪ್ರಯೋಗ. ೧೯೩೦ರ ದಶಕದಲ್ಲಿ ಸಿಂಹಳದಲ್ಲಿ ಮಿಲ್ರಾಯ್ ಪಾಲ್, ಭಾರತದಲ್ಲಿ ಜೋಸೆಫ್ ಖಾನ್ ಎಂಬ ವೈದ್ಯರು ಅಂಗಾಲಿನ ವ್ರಣಗಳಿಗೆ ಪ್ಲಾಸ್ಟರಿನ ಕಟ್ಟನ್ನು ಹಾಕಿ ನೋಡಿದರು. ಒತ್ತಡವು ಕಾಲಿನುದ್ದಕ್ಕೂ ಹಂಚಿಹೋದೊಡನೆ, ಮಾಯದೆ ಉಳಿದಿದ್ದ ವ್ರಣಗಳು ಮಾಯತೊಡಗಿದವು. ಮಾಂಸವು ಕೊಳೆಯುವ ಜಾತಿಯದಾಗಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ.

ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ೧೯೧೪ರಲ್ಲಿ ಜನಿಸಿ, ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಈ ವಿಚಾರವನ್ನು ಮುಂದುವರಿಸಿದರು. ರೋಗಿಗಳ ಬೆರಳುಗಳು ರಾತ್ರಿಯಲ್ಲಿ ಮಾಯವಾಗುತ್ತಿದ್ದುದಕ್ಕೆ ಕೆಲವೊಮ್ಮೆ ಇಲಿಗಳೇ ಕಾರಣವೆಂದು ಕಂಡುಬಂದಾಗ, ಮನೆಗೆ ಹೋಗುವ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟು ಕಳುಹಿಸಿದ ಸಂಗತಿಯು ಪ್ರಸಿದ್ಧವಾಗಿದೆ. ಅವರ ನಿರ್ಣಯದ ಸಾರವಿಷ್ಟು: ಪಾದವು ಕೆಡುವುದು ಮೂರು ಬಗೆಯಿಂದ. ಮುಳ್ಳು, ಮೊಳೆಗಳಂಥವು ಒಮ್ಮೆಲೇ ನಾಟುವುದು ಒಂದು; ಬಿಗಿಯಾದ ಬೂಟು ಬಹಳ ಹೊತ್ತು ಒತ್ತಿ ರಕ್ತಸಂಚಾರವನ್ನು ತಡೆಯುವುದು ಎರಡು; ಸಾಧಾರಣ ಒತ್ತಡವೇ ಹೆಜ್ಜೆಹೆಜ್ಜೆಗೂ ಒಂದೇ ಸ್ಥಳದ ಮೇಲೆ ಬೀಳುವುದು ಮೂರು. ಅರಿವುಳ್ಳವನು ಮೂರನೆಯದನ್ನು ತಿಳಿಯದೆಯೇ ನಿವಾರಿಸಿಕೊಳ್ಳುತ್ತಾನೆ. ದಣಿದ ಪಾದವು ತಾನಾಗಿ ನಡಿಗೆಯನ್ನು ಬದಲಿಸುತ್ತದೆ. ಅರಿವಿಲ್ಲದವನು ಅದೇ ಗತಿಯಲ್ಲಿ ನಡೆದು ಗಾಯವನ್ನು ಬರಮಾಡಿಕೊಳ್ಳುತ್ತಾನೆ.

ಈ ಮೂರನೆಯ ಹಾನಿಗೆ ಉತ್ತರವಾಗಿ ವೆಲ್ಲೂರಿನಲ್ಲಿಯೂ, ಸಮೀಪದ ಕರಿಗಿರಿಯಲ್ಲಿ ೧೯೫೫ರಲ್ಲಿ ಆರಂಭವಾದ ಕುಷ್ಠರೋಗ ಸಂಶೋಧನ ಕೇಂದ್ರದಲ್ಲಿಯೂ ಮೈಕ್ರೊಸೆಲ್ಯುಲರ್ ರಬ್ಬರಿನ ಪಾದರಕ್ಷೆಯು ರೂಪುಗೊಂಡಿತು. ಸಣ್ಣ ಗಾಳಿಗುಳ್ಳೆಗಳು ತುಂಬಿದ ಈ ರಬ್ಬರು ಭಾರಕ್ಕೆ ತಗ್ಗಿ ಅಂಗಾಲಿನ ಆಕಾರವನ್ನು ತಾಳುತ್ತದೆ. ಒಂದೆರಡು ಉಬ್ಬುಗಳ ಮೇಲೆ ಬೀಳುತ್ತಿದ್ದ ಭಾರವು ಇಡೀ ಪಾದಕ್ಕೆ ಹಂಚಿಹೋಗುತ್ತದೆ. ಅದರ ಕೆಳಗೆ ಮುಳ್ಳು ತೂರದಂತೆ ಟೈರಿನಂಥ ಗಟ್ಟಿ ರಬ್ಬರಿನ ತಳ, ಹಿಮ್ಮಡಿಗೆ ಹಿಂಪಟ್ಟಿ, ಮೊಳೆಗೆ ಬದಲು ಅಂಟು ಮತ್ತು ಹೊಲಿಗೆ. ವಿಕಾರಗೊಂಡ ಪಾದಕ್ಕೆ ಮೆತ್ತನೆಯ ಅಟ್ಟೆಯೊಂದೇ ಸಾಲದು. ಅದಕ್ಕೆ ಬಾಗದ, ತೊಟ್ಟಿಲಿನಂತೆ ಉರುಳುವ ತಳವನ್ನು ಕೂಡಿಸಬೇಕಾಯಿತು.

೪

೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಎರಡು ಕಡೆಗಳಲ್ಲಿಯೂ ಕುಷ್ಠರೋಗಿಯ ಸ್ಥಿತಿಯು ಒಂದೇ ಆಗಿತ್ತು. ನಗರಕ್ಕೆ ಹೊಂದಿಕೊಂಡ ಹಿಂಡಲಗಾದಲ್ಲಿ ಕುಷ್ಠರೋಗ ಆಸ್ಪತ್ರೆಯು ಊರಿಂದ ಹೊರಗೆ ಸೇವೆ ಸಲ್ಲಿಸುತ್ತ ಬಂದಿತು. ನಿರ್ಗತಿಕ ರೋಗಿಗಳನ್ನು ಬಂಧಿಸಿ ಆಶ್ರಮಗಳಲ್ಲಿಡಲು ಅವಕಾಶವಿತ್ತ ೧೮೯೮ರ ಕಾಯಿದೆಯು ಪೂರ್ಣವಾಗಿ ರದ್ದಾದುದು ೨೦೧೬ರಲ್ಲಿ. ಕುಷ್ಠರೋಗವು ವಿವಾಹವಿಚ್ಛೇದನಕ್ಕೆ ಕಾರಣವಾಗಬಲ್ಲದೆಂಬ ವಿಧಿಯು ತೆಗೆದುಹಾಕಲ್ಪಟ್ಟುದು ೨೦೧೯ರಲ್ಲಿ.

ಇಂಥ ಸಮಾಜದಲ್ಲಿ ರಕ್ಷಣೆಯ ಚಪ್ಪಲಿಯು ಗುರುತಿನ ಚೀಟಿಯಾಗಿಯೂ ಪರಿಣಮಿಸಿತು. ಆಸ್ಪತ್ರೆಗಳಲ್ಲಿ ಕೊಡುತ್ತಿದ್ದ ‘ಎಂ.ಸಿ.ಆರ್. ಚಪ್ಪಲಿ’ಯ ಆಕಾರವು ಪೇಟೆಯ ಚಪ್ಪಲಿಯಂತಿರಲಿಲ್ಲ. ಅದನ್ನು ಮೆಟ್ಟಿದವನ ರೋಗವು ದೂರದಿಂದಲೇ ತಿಳಿಯುತ್ತಿತ್ತು. ಸಂತೆಗೆ, ಮದುವೆಗೆ, ನೆಂಟರ ಮನೆಗೆ ಹೋಗುವಾಗ ಅದನ್ನು ಮೆಟ್ಟಲು ರೋಗಿಗಳು ಹಿಂಜರಿದುದು ದೇಶದ ಹಲವೆಡೆಗಳಲ್ಲಿ ದಾಖಲಾಗಿದೆ. ಪಾದವನ್ನು ಉಳಿಸಿಕೊಂಡರೆ ಮಾನ ಹೋಗುತ್ತದೆ, ಮಾನವನ್ನು ಉಳಿಸಿಕೊಂಡರೆ ಪಾದ ಹೋಗುತ್ತದೆ ಎಂಬ ಸಂಕಟದಲ್ಲಿ ಅನೇಕರು ಮಾನವನ್ನೇ ಆಯ್ದರು. ಇದನ್ನು ಅಜ್ಞಾನವೆಂದು ಕರೆಯುವುದು ಅನ್ಯಾಯ. ಪೇಟೆಯ ಪಾದರಕ್ಷೆಯನ್ನೇ ಹೋಲುವ ಮಾದರಿಗಳನ್ನು ತಯಾರಿಸುವ ಪ್ರಯತ್ನಗಳು ಅನಂತರ ನಡೆದುದು ಈ ಅನುಭವದ ಫಲವೇ.

೫

ಮಧುಮೇಹದ ಪಾದವು ಈ ಕಥೆಯೊಳಗೆ ಪ್ರವೇಶಿಸಿದುದು ತಡವಾಗಿ. ಮಧುಮೇಹಿಯ ಅಂಗಾಲಿನ ನೋವಿಲ್ಲದ ವ್ರಣಕ್ಕೂ ನರಗಳ ದೌರ್ಬಲ್ಯಕ್ಕೂ ಇರುವ ಸಂಬಂಧವನ್ನು ೧೮೮೭ರಲ್ಲಿಯೇ ಡೇವಿಸ್ ಪ್ರೈಸ್ ಎಂಬ ಆಂಗ್ಲ ವೈದ್ಯನು ಬರೆದು ಪ್ರಕಟಿಸಿದ್ದನು. ೧೯೨೧ರಲ್ಲಿ ಇನ್ಸುಲಿನ್ ಶೋಧನೆಯಾದ ಮೇಲೆ ರೋಗಿಗಳು ದೀರ್ಘಕಾಲ ಬದುಕಿದರು. ನರಗಳು ನಿಧಾನವಾಗಿ ಕುಂದಲು ಅವಕಾಶವೂ ಹೆಚ್ಚಾಯಿತು. ೧೯೬೬ರಲ್ಲಿ ಬ್ರ್ಯಾಂಡ್ ಅವರು ಅಮೆರಿಕದ ಲೂಯಿಸಿಯಾನ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಭಾರತದಲ್ಲಿ ಪಡೆದ ಅನುಭವವೂ ಅವರೊಡನೆ ಹೋಯಿತು. ಅಲ್ಲಿ ಅದು ಮಧುಮೇಹಿಗಳಿಗೂ ಅನ್ವಯವಾಯಿತು. ೧೦ ಗ್ರಾಂ ಬಲಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ಅರಿವನ್ನು ಅಳೆಯುವ ಪರೀಕ್ಷೆಯು ಇಂದು ಮಧುಮೇಹ ಚಿಕಿತ್ಸಾಲಯಗಳಲ್ಲಿ ಸಾಮಾನ್ಯ; ಕುಷ್ಠರೋಗಿಗಳನ್ನೂ ಮಧುಮೇಹಿಗಳನ್ನೂ ಒಟ್ಟಿಗೆ ಪರೀಕ್ಷಿಸಿ ೧೯೮೬ರಲ್ಲಿ ಆ ಮಿತಿಯನ್ನು ಸೂಚಿಸಿದವರು ಕಾರ್ವಿಲ್ಲಿನವರೇ. ಹೀಗೆ ದಕ್ಷಿಣ ಭಾರತದ ಬಹಿಷ್ಕೃತರ ಪಾದಗಳಿಂದ ದೊರೆತ ಪಾಠವು ಸಮುದ್ರವನ್ನು ದಾಟಿ, ಮತ್ತೊಂದು ರೋಗದ ಹೆಸರಿನಲ್ಲಿ ನಮಗೆ ಮರಳಿ ಬಂದಿತು.

ಅದು ಮರಳಿದುದು ಅಗತ್ಯದ ಕಾಲದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಅಧ್ಯಯನವು ೨೦೨೩ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ೧೦ ಕೋಟಿಗೂ ಹೆಚ್ಚೆಂದು ಅಂದಾಜಿಸಿತು. ೧೯೧೬ರಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ೧೯೬೩ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆದಂದಿನಿಂದ ಬೆಳಗಾವಿಯು ಸುತ್ತಲಿನ ಸೀಮೆಗೆ ಚಿಕಿತ್ಸೆಯ ಕೇಂದ್ರವಾಗಿ ಬೆಳೆದಿದೆ. ಆದರೆ ಅಟ್ಟೆಯನ್ನು ಕೊಟ್ಟಲ್ಲಿಗೆ ವೈದ್ಯನ ಕೆಲಸವು ಮುಗಿಯುವುದಿಲ್ಲ. ನಮ್ಮ ಆಚಾರದಂತೆ ಚಪ್ಪಲಿಯು ಮನೆಯ ಹೊಸ್ತಿಲಲ್ಲಿಯೇ ಉಳಿಯುತ್ತದೆ; ದೇವಾಲಯದ ಕಾದ ಹಾಸುಗಲ್ಲಿನ ಮೇಲೆ ಭಕ್ತನು ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುತ್ತಾನೆ; ಖಾನಾಪುರದ ಗದ್ದೆಗೆ ಯಾವ ಅಟ್ಟೆಯೂ ಇಳಿಯುವುದಿಲ್ಲ. ಅದುಮಿ ಅದುಮಿ ಚಪ್ಪಟೆಯಾದ ರಬ್ಬರನ್ನು ಕಾಲಕಾಲಕ್ಕೆ ಬದಲಿಸಲೂ ಬೇಕು. ಮನೆಯೊಳಗೆ ಮೆಟ್ಟಲು ಬೇರೆಯ ಜೊತೆಯೊಂದನ್ನು ಇಡುವುದು, ಪ್ರತಿ ಸಂಜೆ ಅಂಗಾಲನ್ನು ಕಣ್ಣಿನಿಂದ ಪರೀಕ್ಷಿಸುವುದು, ಮೆಟ್ಟುವ ಮುನ್ನ ಚಪ್ಪಲಿಯೊಳಗೆ ಕೈಯಾಡಿಸಿ ನೋಡುವುದು, ಇವು ಅಟ್ಟೆಯಷ್ಟೇ ಅವಶ್ಯಕ. ಕಳೆದುಹೋದ ನೋವಿನ ಸ್ಥಾನದಲ್ಲಿ ಕಣ್ಣೂ ಕೈಯೂ ಕಾವಲಿರಬೇಕಾಗುತ್ತದೆ.

೬

ಶರಣ ಹರಳಯ್ಯನೂ ಅವನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿಕೊಟ್ಟರೆಂದೂ, ಅವನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ಬಸವಣ್ಣನವರು ತಲೆಯ ಮೇಲೆ ಹೊತ್ತುಕೊಂಡರೆಂದೂ ನಮ್ಮ ನಾಡಿನಲ್ಲಿ ಐತಿಹ್ಯವಿದೆ. ಇತರರ ದೇಹವು ತೆತ್ತ ಬೆಲೆಯನ್ನು ಅರಿತು ಮೆಟ್ಟಬೇಕು ಎಂಬ ವಿವೇಕವು ಅದರಲ್ಲಿ ಅಡಗಿದೆ. ಇಂದು ಬೆಳಗಾವಿಯ ಅಂಗಡಿಯಲ್ಲಿ ಮೆತ್ತನೆಯ ಅಟ್ಟೆಯನ್ನು ಕೊಳ್ಳುವ ಮಧುಮೇಹಿಯು ಅದನ್ನು ಸಂಕೋಚವಿಲ್ಲದೆ ಮೆಟ್ಟುತ್ತಾನೆ. ಅದೇ ತತ್ತ್ವದ ಚಪ್ಪಲಿಯನ್ನು ಮೆಟ್ಟಿ ಊರಿನವರ ಕಣ್ಣಿಗೆ ಹೆದರಿದವರು ಅವನ ನೆನಪಿನಲ್ಲಿಲ್ಲ.

ಆ ನೆನಪನ್ನು ಉಳಿಸುವುದು ಇತಿಹಾಸದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕರ್ತವ್ಯ. ಆಸ್ಪತ್ರೆಗಳ ಚಪ್ಪಲಿ ವಿಭಾಗದ ದಫ್ತರಗಳು, ಕಾಗದದ ಮೇಲೆ ತೆಗೆದ ಪಾದದ ಅಚ್ಚುಗಳು, ರಬ್ಬರನ್ನು ಕತ್ತರಿಸಿ ಹೊಲಿದ ಚಮ್ಮಾರರ ಮಾತುಗಳು, ಅದನ್ನು ಮೆಟ್ಟಿದ ವೃದ್ಧರ ನೆನಪುಗಳು, ಇವೆಲ್ಲವೂ ಶಾಸನಗಳಷ್ಟೇ ಗೌರವಕ್ಕೆ ಅರ್ಹವಾದ ಆಕರಗಳು. ಶಿಲಾಶಾಸನವು ಇನ್ನೂ ನೂರು ವರ್ಷ ಕಾಯಬಲ್ಲದು. ಈ ಆಕರಗಳು ಕಾಯಲಾರವು.