ಪಿ.ಟಿ. ಮಾಸ್ತರ್‌ನ ಆರಿಸೋರು ಯಾರು?

ಫಿಸಿಕ್ಸ್ ಕಲಿಸೋ ಕೆಲಸಕ್ಕೆ ಅರ್ಜಿ ಹಾಕಿದವರನ್ನು ಯಾರೂ ಓಡಿಸಿ ನೋಡುವುದಿಲ್ಲ. ಲೈಬ್ರರಿಯನ್‌ಗೂ ಆ ಕಷ್ಟ ಇಲ್ಲ. ಆದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಆಗಬೇಕು ಅಂದರೆ ಓಡಲೇಬೇಕು. ಯುಜಿಸಿ 2018ರ ಜುಲೈನಲ್ಲಿ ಹೊರಡಿಸಿದ ನಿಯಮಗಳಲ್ಲಿ ಇದಕ್ಕೊಂದು ಪಟ್ಟಿಯೇ ಇದೆ. ಗಂಡಸರಿಗೆ 12 ನಿಮಿಷ. ಅಷ್ಟರಲ್ಲಿ 30 ವರ್ಷದೊಳಗಿನವರು 1800 ಮೀಟರ್, 40ರೊಳಗಿನವರು 1500, 45ರೊಳಗಿನವರು 1200, 50ರೊಳಗಿನವರು 800 ಮೀಟರ್ ಮುಗಿಸಬೇಕು. ಹೆಂಗಸರಿಗೆ 8 ನಿಮಿಷ. ದೂರ 1000 ಮೀಟರಿನಿಂದ ಶುರುವಾಗಿ ವಯಸ್ಸಿಗೆ ತಕ್ಕಂತೆ 800, 600, 400ಕ್ಕೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡ್ರಿ. 12 ನಿಮಿಷಕ್ಕೆ 1500 ಮೀಟರ್ ಅಂದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೋ ಸ್ಟೇಷನ್ನಿಗೆ ತಡವಾದಾಗ ನಾವು ಹೋಗುವ ಸ್ಪೀಡಿಗಿಂತ ಸ್ವಲ್ಪ ಜಾಸ್ತಿ. ಪಾಸಾಗುವುದು ದೊಡ್ಡ ಮಾತಲ್ಲ. ಆದರೂ ಈ ನಿಯಮ ನನಗೆ ಇಷ್ಟ. ಹುದ್ದೆ ಯಾವುದೋ ಅದಕ್ಕೆ ತಕ್ಕ ಪರೀಕ್ಷೆ ಇರಬೇಕು ಅಂತ ಯಾರೋ ಒಬ್ಬರು ಒಂದು ಗಳಿಗೆಯಾದರೂ ಯೋಚನೆ ಮಾಡಿದ್ದಾರೆ.

ಪ್ರಶ್ನೆ ಇರೋದು ಅದರ ಮುಂದೆ. ಓಡಬಲ್ಲವರು ಯಾರು ಅಂತ ಸ್ಟಾಪ್‌ವಾಚ್ ಹೇಳುತ್ತದೆ. ಓಡಿಸಬಲ್ಲವರು ಯಾರು ಅಂತ ಯಾವ ವಾಚು ಹೇಳಬೇಕು? ನೂರಿನ್ನೂರು ವರ್ಷದಿಂದ ನಮ್ಮ ಕಡೆ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟುಕೊಂಡು ಬಂದಿದ್ದೇವೆ.

ಮೊದಲು ಗರಡಿಮನಿ. ಇವತ್ತು ಗದಗ ಒಂದೇ ಜಿಲ್ಲೆ, ಅದೂ 1997ರಿಂದ. ಸ್ವಾತಂತ್ರ್ಯದ ಮುಂಚೆ ನಕ್ಷೆ ಹೀಗಿರಲಿಲ್ಲ. ಗದಗ-ಬೆಟಗೇರಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ. ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಮೂರು ಸರ್ಕಾರ ದಾಟಿದಂಗೆ. ಆದರೆ ಕುಸ್ತಿಗೆ ಈ ಗಡಿ ಇರಲಿಲ್ಲ. ಕೊಲ್ಲಾಪುರದ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. ಆ ಕಾಲದ ದಕ್ಷಿಣ ಮರಾಠಾ ಸೀಮೆಯಲ್ಲಿ ಪೈಲ್ವಾನರನ್ನು ಸಾಕುವುದು ರಾಜರಿಗೆ ಮರ್ಯಾದೆಯ ವಿಷಯ. ಊರಲ್ಲಿ ಆ ಕೆಲಸ ಗೌಡರು, ಮಠ, ಜಾತ್ರೆ ಕಮಿಟಿಯವರದು.

ಗರಡಿಮನಿ ನಡೆಸುವವನು ವಸ್ತಾದ. ಉಸ್ತಾದ್ ಅನ್ನೋ ಮಾತೇ ನಮ್ಮ ಬಾಯಲ್ಲಿ ವಸ್ತಾದ ಆಗಿದೆ. ಗೋಡೆ ಮೇಲೆ ಹನುಮಪ್ಪನ ಫೋಟೋ, ಕಲಿಸುವವನ ಹೆಸರು ಉಸ್ತಾದ್. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ವಸ್ತಾದನಿಗೆ ಆರ್ಡರ್ ಕಾಪಿ ಇಲ್ಲ, ಇಂಟರ್‌ವ್ಯೂ ಇಲ್ಲ. ತನ್ನ ಕಾಲದಲ್ಲಿ ಕಣಕ್ಕಿಳಿದವನಾಗಿರಬೇಕು, ಈಗ ಅವನ ಹುಡುಗರು ಜಾತ್ರೆಯಲ್ಲಿ ಗೆಲ್ಲಬೇಕು. ಯಾರಿಗೆ ಯಾರನ್ನು ಜೋಡಿ ಹಚ್ಚಬೇಕು ಅನ್ನೋದರಲ್ಲಿ ಅವನ ಮಾತು ನಡೆಯಬೇಕು. ಹುಡುಗರು ಬರುವುದು ನಿಂತರೆ ಅವನ ಅಧಿಕಾರವೂ ಮುಗಿಯಿತು. ಬೇರೆ ಅಪ್ರೈಸಲ್ ಬೇಕಿಲ್ಲ.

ಹಂಗಂತ ಅದು ಚಿನ್ನದ ಕಾಲ ಅಂತ ನಾನು ಹೇಳ್ತಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಬಾಗಿಲೇ ಇರಲಿಲ್ಲ. ಯಾರ ಮಗ ಒಳಗೆ ಬರಬಹುದು ಅನ್ನೋದು ಎಷ್ಟೋ ಊರಲ್ಲಿ ಜಾತಿ ನೋಡಿ ತೀರ್ಮಾನ ಆಗುತ್ತಿತ್ತು. ಇನ್ನೊಂದು ತೊಂದರೆ: ಇಡೀ ವ್ಯವಸ್ಥೆ ಒಬ್ಬ ಧಣಿಯ ಮೇಲೆ ನಿಂತಿತ್ತು. 1948ರಲ್ಲಿ ಸಾಂಗ್ಲಿ, ಮೀರಜ್ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು. ರಾಜರ ಆಶ್ರಯ ಹೋಯಿತು. ಅಲ್ಲಿಂದ ಮುಂದೆ ಆಟಕ್ಕೆ ದುಡ್ಡು ಕೊಡೋ ಧಣಿ ಸರ್ಕಾರ, ಆಟದ ಜಾಗ ಶಾಲೆ-ಕಾಲೇಜು.

ಅಷ್ಟೊತ್ತಿಗೆ ಕಾಲೇಜುಗಳಿಗೆ ಇನ್ನೊಂದು ಮಾದರಿ ಬಂದಾಗಿತ್ತು. ಅದರ ಬೇರು ಅಮೆರಿಕದಲ್ಲಿದೆ. 1892ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಶುರುವಾದಾಗ ಅದರ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ತನ್ನ ಹಳೇ ಶಿಷ್ಯ ಅಮೋಸ್ ಅಲೊಂಜೊ ಸ್ಟ್ಯಾಗ್‌ನನ್ನು ಕರೆತಂದು ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ. ಬರೀ ಕೋಚ್ ಅಲ್ಲ, ಪ್ರಾಧ್ಯಾಪಕರ ಸಾಲಿನಲ್ಲಿ ಕೂರುವ ಹುದ್ದೆ. ಸ್ಟ್ಯಾಗ್ 40 ವರ್ಷ ಅಲ್ಲೇ ಇದ್ದ. ಕೊನೆಗೆ 70ನೇ ವಯಸ್ಸಿನಲ್ಲಿ ನಿವೃತ್ತಿ ನಿಯಮ ತೋರಿಸಿ ಕಳಿಸಿದಾಗ ಇನ್ನೊಂದು ಕಾಲೇಜಿಗೆ ಹೋಗಿ ಮತ್ತೆ ಕೋಚ್ ಆದ. ಇವತ್ತು ಅಮೆರಿಕದ ಕಾಲೇಜುಗಳಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಅಂದರೆ ಕೋಚ್‌ಗಳನ್ನು ನೇಮಿಸುವವನು, ದುಡ್ಡು ತರುವವನು, ಸೋತಾಗ ಬೈಸಿಕೊಳ್ಳುವವನು. ಒಬ್ಬ ಹೊಸಬನನ್ನು ಆರಿಸುವುದು ಅಲ್ಲಿ ಪೇಪರಿನ ಮುಖಪುಟದ ಸುದ್ದಿ.

ನಮ್ಮಲ್ಲಿಗೆ ಈ ವಿಚಾರವನ್ನು ತಂದವರಲ್ಲಿ ಮುಖ್ಯನಾದವನು ಹ್ಯಾರಿ ಕ್ರೋ ಬಕ್ ಅನ್ನೋ ಅಮೆರಿಕನ್. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ. ಆಟ ಕಲಿಸುವುದಕ್ಕೂ ಒಂದು ಸರ್ಟಿಫಿಕೇಟ್ ಇರುತ್ತದೆ ಅಂತ ನಮಗೆ ಗೊತ್ತಾಗಿದ್ದು ಆಗ. ಮುಂಬೈ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ಇಂಥದ್ದೇ ತರಬೇತಿ ಸಂಸ್ಥೆ ತೆರೆಯಿತು. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಭಾಗಕ್ಕೆ ಹತ್ತಿರವಾದದ್ದು ಅದು. ವಸ್ತಾದನ ಜಾಗಕ್ಕೆ ಡ್ರಿಲ್ ಮಾಸ್ತರ್, ಆಮೇಲೆ ಪಿ.ಟಿ. ಮಾಸ್ತರ್ ಬಂದದ್ದು ಈ ದಾರಿಯಲ್ಲಿ.

ಅದೇ 1920ರಲ್ಲಿ ಇನ್ನೊಂದು ಘಟನೆ. ದೊರಾಬ್ಜಿ ಟಾಟಾ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತಾಪಿ ಹುಡುಗರನ್ನು ನೋಡಿದ್ದರು. ತರಬೇತಿ ಇಲ್ಲ, ಶೂ ಇಲ್ಲ, ಆದರೂ ಆ ಓಟ ಅವರಿಗೆ ಯುರೋಪಿನ ಲೆಕ್ಕಕ್ಕೆ ಹತ್ತಿರ ಕಂಡಿತು. ಅವರ ಉಮೇದಿನಿಂದ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಒಂದು ಸಣ್ಣ ತಂಡ ಹೋಯಿತು. ಅದರಲ್ಲಿ ಬೆಳಗಾವಿಯ ಪಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 19ನೇ ಸ್ಥಾನ ಪಡೆದರು. ಅವರನ್ನು ಗುರುತಿಸಿದ ಟಾಟಾ ಹತ್ತಿರ ದೈಹಿಕ ಶಿಕ್ಷಣದ ಪದವಿ ಇರಲಿಲ್ಲ. 1951ರ ಮೊದಲ ಏಷ್ಯನ್ ಗೇಮ್ಸ್ ಹಿಂದಿನ ತಲೆ ಅಂತ ಕರೆಸಿಕೊಳ್ಳುವ ಜಿ.ಡಿ. ಸೋಂಧಿ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿ ಪ್ರಿನ್ಸಿಪಾಲ್ ಆದವರು. ನಮ್ಮ ದೇಶದ ಕ್ರೀಡಾ ಆಡಳಿತಕ್ಕೆ ಅಡಿಪಾಯ ಹಾಕಿದ ಎಷ್ಟೋ ಜನ ಇವತ್ತಿನ ನಿಯಮದ ಮೊದಲ ಫಿಲ್ಟರ್ ದಾಟುತ್ತಿರಲಿಲ್ಲ.

ಆದರೆ ಫಿಲ್ಟರ್ ಬೇಡ ಅನ್ನೋಕೂ ಆಗಲ್ಲ. ಟಾಟಾ ಅಂಥವರು ಊರಿಗೊಬ್ಬರು ಸಿಗುವುದಿಲ್ಲ. ನಿಯಮ ಇಲ್ಲದ ಕಡೆ ಕುರ್ಚಿ ಸಿಗುವುದು ಆಡಳಿತ ಮಂಡಳಿಯವರ ಅಳಿಯನಿಗೆ.

ಈಗಿನ ನಿಯಮ ಏನು ಹೇಳುತ್ತದೆ? ವಿಶ್ವವಿದ್ಯಾಲಯದ ಮಟ್ಟದ ನಿರ್ದೇಶಕರಾಗಲು ದೈಹಿಕ ಶಿಕ್ಷಣದಲ್ಲಿ ಪಿಎಚ್‌ಡಿ ಬೇಕು, ಕನಿಷ್ಠ 10 ವರ್ಷದ ಅನುಭವ ಬೇಕು. ಜೊತೆಗೆ ಇನ್ನೆರಡು ಸಾಲು. ಒಂದು, ಸ್ಪರ್ಧೆಗಳನ್ನೂ ಕನಿಷ್ಠ ಎರಡು ವಾರದ ತರಬೇತಿ ಶಿಬಿರಗಳನ್ನೂ ನಡೆಸಿದ್ದಕ್ಕೆ ಪುರಾವೆ. ಎರಡು, ರಾಜ್ಯ, ರಾಷ್ಟ್ರ, ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಚೆನ್ನಾಗಿ ಆಡಿದ ತಂಡ ಅಥವಾ ಆಟಗಾರರನ್ನು ತಯಾರು ಮಾಡಿದ್ದಕ್ಕೆ ಪುರಾವೆ. ಆಯ್ಕೆ ಸಮಿತಿಯಲ್ಲಿ ಕ್ರೀಡೆಯ ತಜ್ಞರೊಬ್ಬರು ಇರಬೇಕು ಅಂತಲೂ ಇದೆ. ಆ ಎರಡನೇ ಸಾಲು ನೋಡಿ. ವಸ್ತಾದನಿಗೆ ಊರು ಕೇಳುತ್ತಿದ್ದ ಪ್ರಶ್ನೆಯೇ ಅದು: ನಿನ್ನ ಹುಡುಗರು ಗೆದ್ದರಾ? ಸರ್ಕಾರಿ ಭಾಷೆಯಲ್ಲಿ ಬರೆದಿದ್ದಾರೆ, ಅಷ್ಟೆ.

ತೊಂದರೆ ಏನು ಅಂದರೆ ಪಿಎಚ್‌ಡಿಗೆ ಸರ್ಟಿಫಿಕೇಟ್ ಇದೆ, ಸೆಮಿನಾರಿಗೆ ಸರ್ಟಿಫಿಕೇಟ್ ಇದೆ. ಒಬ್ಬ ಹುಡುಗಿಯ ಮನೆಗೆ ನಾಲ್ಕು ಸಲ ಹೋಗಿ ಅವಳ ಅಪ್ಪನನ್ನು ಒಪ್ಪಿಸಿದ್ದಕ್ಕೆ ಇಲ್ಲ. ನಮ್ಮ ಐಟಿ ಕಂಪನಿಗಳಲ್ಲೂ ಇದನ್ನೇ ಕಾಣುತ್ತೇವೆ. ರೆಸ್ಯೂಮೆ ಸೋಸುವ ಸಾಫ್ಟ್‌ವೇರ್ ಕೀವರ್ಡ್ ಹುಡುಕುತ್ತದೆ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಎದ್ದು ಕೂರುವವನು ಯಾರು ಅನ್ನೋದು ಅದಕ್ಕೆ ಕಾಣುವುದಿಲ್ಲ.

ಎಣಿಸಲು ಸುಲಭವಾದದ್ದನ್ನು ಎಣಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಗದಗಿನ ಹುಡುಗನೊಬ್ಬನ ಉದಾಹರಣೆಯೇ ಇದೆ. ಸುನೀಲ್ ಜೋಶಿ ಹುಟ್ಟಿದ್ದು 1970ರಲ್ಲಿ, ಗದಗಿನಲ್ಲಿ. ಚಿಕ್ಕಂದಿನಲ್ಲಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ ಶಾಲೆ ಹೊತ್ತಿಗೆ ಗದಗಿಗೆ ವಾಪಸ್ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. 2020ರ ಮಾರ್ಚ್‌ನಲ್ಲಿ ಬಿಸಿಸಿಐ ಆಯ್ಕೆ ಸಮಿತಿಗೆ ಹೊಸ ಅಧ್ಯಕ್ಷ ಬೇಕಾದಾಗ ಮದನ್ ಲಾಲ್, ಆರ್.ಪಿ. ಸಿಂಗ್, ಸುಲಕ್ಷಣಾ ನಾಯಕ್ ಇದ್ದ ಸಲಹಾ ಸಮಿತಿ ಐದು ಜನರ ಸಂದರ್ಶನ ಮಾಡಿತು. ಅವರಲ್ಲಿ 33 ಟೆಸ್ಟ್ ಆಡಿದ್ದ ವೆಂಕಟೇಶ್ ಪ್ರಸಾದ್ ಕೂಡ ಇದ್ದರು. ಸಮಿತಿ 15 ಟೆಸ್ಟ್ ಆಡಿದ ಜೋಶಿಯವರನ್ನು ಆರಿಸಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಚೇತನ್ ಶರ್ಮಾ ಸಮಿತಿಗೆ ಬಂದರು. ಸದಸ್ಯರಲ್ಲಿ ಹೆಚ್ಚು ಟೆಸ್ಟ್ ಆಡಿದವರೇ ಅಧ್ಯಕ್ಷರು ಅಂತ ಬಿಸಿಸಿಐ ನಿಯಮ. ಶರ್ಮಾ 23, ಜೋಶಿ 15. ಒಂಬತ್ತು ತಿಂಗಳಲ್ಲಿ ಅಧ್ಯಕ್ಷರು ಸದಸ್ಯರಾದರು. ಇದರಲ್ಲಿ ಯಾರ ಮೋಸವೂ ಇಲ್ಲ, ನಿಯಮ ಇದ್ದದ್ದೇ ಹಾಗೆ. ಆದರೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಜೋಶಿ ತೆಗೆದ 615 ವಿಕೆಟ್, ಅಂದರೆ ದೇಶದ ಸಣ್ಣಪುಟ್ಟ ಮೈದಾನಗಳಲ್ಲಿ ಅವರು ಕಳೆದ ವರ್ಷಗಳು, ಆ ಲೆಕ್ಕದಲ್ಲಿ ಸೊನ್ನೆ. ಆಟಗಾರರನ್ನು ಹುಡುಕುವ ಕೆಲಸಕ್ಕೆ ಆ ಮೈದಾನಗಳ ಪರಿಚಯವೇ ಅಲ್ವಾ ಬೇಕಾದದ್ದು?

ನಮ್ಮ ಕಾಲೇಜುಗಳಿಗೆ ವಾಪಸ್ ಬರೋಣ. ಗದಗ, ಮುಂಡರಗಿಯ ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ ಅದು. ಮುಂಡರಗಿಯಿಂದ ಧಾರವಾಡ ನೂರು ಕಿಲೋಮೀಟರಿಗೂ ಹೆಚ್ಚು. ಮುಂಡರಗಿಯ ಹುಡುಗಿಯೊಬ್ಬಳು ಯೂನಿವರ್ಸಿಟಿ ಬ್ಲೂ ಆಗಬೇಕಾದರೆ ಮೊದಲು ಅಂತರ ಕಾಲೇಜು ಕೂಟಕ್ಕೆ ಹೋಗಬೇಕು, ಅಲ್ಲಿ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಕೂಟ ತಲುಪಬೇಕು. 1956-57ರಿಂದ ಕೊಡುತ್ತಿರುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯ ಅಂಕಗಳೆಲ್ಲ ಆ ಮೇಲಿನ ಮೆಟ್ಟಿಲಲ್ಲಿ. ಮೊದಲ ಮೆಟ್ಟಿಲು ಒಂದು ಎಂಟ್ರಿ ಫಾರ್ಮ್. ಅದನ್ನು ತುಂಬಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಕೊನೆಯ ದಿನಾಂಕದೊಳಗೆ ಕಳಿಸುವವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಆ ಹುದ್ದೆ ಖಾಲಿ ಇದ್ದರೆ, ಅಥವಾ ಅದರಲ್ಲಿ ಇರುವವರಿಗೆ ಮನಸ್ಸಿಲ್ಲದಿದ್ದರೆ, ಹುಡುಗಿ ಸೋಲುವುದೂ ಇಲ್ಲ. ಅವಳ ಹೆಸರು ಪಟ್ಟಿಗೇ ಬರುವುದಿಲ್ಲ.

ನಾನು ಬಿಇ ಓದಿದ ಕಾಲೇಜಿನಲ್ಲಿ ಈ ಸರ್ ಹೆಚ್ಚಾಗಿ ಕಾಣುತ್ತಿದ್ದದ್ದು ಗೇಟಿನಲ್ಲಿ, ಐಡಿ ಕಾರ್ಡ್ ನೋಡುತ್ತಾ. ಗಣೇಶೋತ್ಸವದ ಮೆರವಣಿಗೆ ಸಾಲು, ಆಗಸ್ಟ್ 15ರ ಪರೇಡು, ಕ್ಯಾಂಟೀನ್ ಗಲಾಟೆ, ಎಲ್ಲ ಅವರ ತಲೆಗೇ. ಅವರನ್ನು ನೇಮಿಸಿದ ಆಡಳಿತ ಮಂಡಳಿ ಹುಡುಕಿದ್ದು ಶಿಸ್ತು ಕಾಯುವವರನ್ನು. ಸಿಕ್ಕಿದ್ದೂ ಅವರೇ.

ಹೆಣ್ಣುಮಕ್ಕಳ ವಿಷಯದಲ್ಲಿ ಅಮೆರಿಕದ ಇನ್ನೊಂದು ಪಾಠ ಇದೆ. 1972ರಲ್ಲಿ ಅಲ್ಲಿ ಟೈಟಲ್ ನೈನ್ ಕಾನೂನು ಬಂತು. ಕಾಲೇಜು ಕ್ರೀಡೆಯಲ್ಲಿ ಹುಡುಗಿಯರಿಗೂ ಸಮಾನ ಅವಕಾಶ ಅಂತಾಯಿತು, ಆಡುವವರ ಸಂಖ್ಯೆ ಏರಿತು. ಆದರೆ ಅಲ್ಲಿಯವರೆಗೆ ಹುಡುಗಿಯರ ಕ್ರೀಡಾ ವಿಭಾಗಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಕಡೆ ಮುಖ್ಯಸ್ಥರು ಹೆಂಗಸರೇ ಇದ್ದರು. ಎರಡೂ ವಿಭಾಗ ಒಂದಾದಾಗ ದೊಡ್ಡ ಕುರ್ಚಿ ಗಂಡಸರಿಗೆ ಹೋಯಿತು, ಹೆಂಗಸರು ಅಸಿಸ್ಟೆಂಟ್ ಆದರು. ಕಾನೂನು ಆಡುವವರನ್ನು ಎಣಿಸಿತು, ಆರಿಸುವವರನ್ನು ಎಣಿಸಲಿಲ್ಲ. ಗದಗ ಜಿಲ್ಲೆಯ ಹೆಣ್ಣುಮಕ್ಕಳು ಇವತ್ತು ಕುಸ್ತಿಯಲ್ಲಿ, ಸೈಕ್ಲಿಂಗ್‌ನಲ್ಲಿ ಹೆಸರು ಮಾಡುತ್ತಿದ್ದಾರೆ. ಅಜ್ಜಿಯರಿಗೆ ಮುಚ್ಚಿದ್ದ ಗರಡಿಮನಿಯ ಬಾಗಿಲು ಮೊಮ್ಮಕ್ಕಳಿಗೆ ತೆರೆದಿದೆ. ಅವರನ್ನು ಕೂಟಕ್ಕೆ ಕರೆದುಕೊಂಡು ಹೋಗುವವರು ಯಾರು, ಎಲ್ಲಿ ಉಳಿಸುತ್ತಾರೆ, ಜೊತೆಗೆ ಒಬ್ಬ ಹೆಂಗಸು ಇರುತ್ತಾರಾ ಅನ್ನೋದರ ಮೇಲೆ ಎಷ್ಟೋ ಅಪ್ಪ-ಅವ್ವನ ಹೂಂ ಅಥವಾ ಊಹೂಂ ನಿಂತಿದೆ. ಆಯ್ಕೆ ಸಮಿತಿಯ ಮೇಜಿನ ಮೇಲೆ ಈ ಪ್ರಶ್ನೆ ಬರಬೇಕು.

ನಾವು ಬೆಂಗಳೂರಿನಲ್ಲಿ ಕೂತು ಮಾಡೋದು ಏನಿದೆ ಅಂತ ಕೇಳಬಹುದು. ಇದೆ. ಹಳೇ ವಿದ್ಯಾರ್ಥಿಗಳ ಸಂಘದವರು ಕಾಲೇಜಿಗೆ ದುಡ್ಡು ಕೇಳಿ ಫೋನ್ ಮಾಡ್ತಾರಲ್ಲ, ನಾವು ಸ್ಮಾರ್ಟ್‌ಬೋರ್ಡ್‌ಗೋ ಕಟ್ಟಡಕ್ಕೋ ಕೊಟ್ಟು ಸುಮ್ಮನಾಗುತ್ತೇವೆ. ಮುಂದಿನ ಸಲ ಮೂರು ವಿಷಯ ಕೇಳಿ. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ತುಂಬಿದೆಯಾ? ಕಳೆದ ವರ್ಷ ಯಾವ ಯಾವ ಆಟಕ್ಕೆ ಎಂಟ್ರಿ ಹೋಗಿತ್ತು? ಅದರಲ್ಲಿ ಹುಡುಗಿಯರು ಎಷ್ಟು? ಉತ್ತರ ಹೇಳೋಕೆ ಅವರು ಕಡತ ಹುಡುಕಬೇಕಾಗುತ್ತದೆ. ಹುಡುಕಲಿ ಬಿಡಿ.